ಆಡುಸೋಗೆಯ ಪಾಕ

ಮುಂಬಯಿಯ ಅಂಧೇರಿಯಲ್ಲಿ ಮೆಡಿಕಲ್ ಅಂಗಡಿಯೊಂದರಲ್ಲಿ ಇಂದು ಯಾರದೋ ಕೈಜಾರಿ ಕೆಮ್ಮಿನ ಸಿರಪ್ ಬಾಟಲಿ ಒಡೆಯಿತು. ಆಡುಸೋಗೆಯ ಕಹಿ ವಾಸನೆಗೆ ಕಾಂದಿವಲಿಯ ಚಾಳ್‌ನಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆ ನೆನಪಾಯಿತು.

ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಅಪ್ಪನಿಗೆ ಬಿಡದ ಕೆಮ್ಮು. ಅಮ್ಮ ಆಡುಸೋಗೆ ಎಲೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಪಾಕ ಮಾಡಿ ಕುಡಿಸುತ್ತಿದ್ದರು.

“ಒಮ್ಮೆ ಎಕ್ಸ್‌ರೇ ತೆಗೆಸುವ,” ಎಂದರು ಅಮ್ಮ.

“ಇದ್ರಲ್ಲೇ ಕಮ್ಮಿ ಆಗ್ತಾ ಉಂಟು ಮಾರಾಯ್ತಿ,” ಎಂದರು ಅಪ್ಪ.

ಕೆಮ್ಮು ನಿಜಕ್ಕೂ ಇಳಿದಿತ್ತು. ಅಮ್ಮ ನಂಬಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಕ್ಷಯ ಎರಡೂ ಶ್ವಾಸಕೋಶಗಳನ್ನು ತಿಂದು ಮುಗಿಸಿತ್ತು.

ಅಪ್ಪ ತೀರಿಕೊಂಡು, ಬೊಜ್ಜದ ಕ್ರಿಯೆಗಳು ಮುಗಿದ ಮರುದಿನ ಅಮ್ಮ ಪಾಕದ ಪಾತ್ರೆಯನ್ನು ಮೂರು ಸಲ ತಿಕ್ಕಿ, ಅದರಲ್ಲೇ ನಮಗೆ ಅನ್ನ ಮಾಡಿದರು. ಯಾರೂ ಅಳಲಿಲ್ಲ. ಉಂಡೆವು.

ಇಂದು ಅಮ್ಮನ ಬಿಪಿ ಮಾತ್ರೆ ಕೊಂಡು ಲೋಕಲ್ ರೈಲು ಹತ್ತಿದೆ. ಮನೆಯಲ್ಲಿ ಅಮ್ಮ, “ಎಂತ, ಲೇಟಾಯ್ತು?” ಎಂದು ಕೇಳಿದರು. “ರಶ್ ಇತ್ತು,” ಎಂದೆ.