ಬ್ಯಾಟರಿ ಸೈಕಲಿನ ಮೀನು ಕಾಕ

ಕಾಕನ ಬಲಮೊಣಕಾಲು ತೆಂಗಿನ ಗೆರಟೆ ಕವುಚಿ ಹಾಕಿದ ಹಾಗೆ ಊದಿಕೊಂಡಿರುತ್ತಿತ್ತು. ಲುಂಗಿ ಎತ್ತಿ ಕಟ್ಟಿದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಹರೆಯದಿಂದ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಸೈಕಲ್ ತುಳಿದ ಕಾಲು. ಇನ್ನು ತುಳಿಯಬಾರದೆಂದು ಡಾಕ್ಟರು ಹೇಳಿದ ಮೇಲೆ ಅದೇ ಹಳೆಯ ಸೈಕಲಿಗೆ ಬ್ಯಾಟರಿ ಕೂರಿಸಿಕೊಂಡರು.

ಕಾಕ ಎಂದರೆ ನಮಗೆ ಮೀನು ತರುತ್ತಿದ್ದ ಬ್ಯಾರಿ ಹಿರಿಯರು. ಹೆಜಮಾಡಿಯಲ್ಲಿ ಬಂಗುಡೆ, ಬೂತಾಯಿ ತೆಗೆದುಕೊಂಡು ಪಡುಬಿದ್ರಿಯ ಕಡಲಬದಿಯ ದಾರಿ ಹಿಡಿದು ಬರುತ್ತಿದ್ದರು. ನಡೆಯುವವರಿಗೂ ಸೈಕಲಿನವರಿಗೂ ಸೇರಿಸಿ ಇಂಟರ್‌ಲಾಕ್ ಹಾಸಿದ ದಾರಿ; ನಮ್ಮ ಮನೆಗಳ ಗೇಟು ತೆರೆಯುವುದೂ ಅದಕ್ಕೇ. ಹ್ಯಾಂಡಲಿನ ರಬ್ಬರ್ ಹಾರ್ನನ್ನು ಪೋಂ ಪೋಂ ಎಂದು ಒತ್ತಿದರೆ ಸಾಕು, ನಾವು ಪಾತ್ರೆ ಹಿಡಿದು ಹೊರಗೆ, ಬೆಕ್ಕುಗಳು ನಮಗಿಂತ ಮೊದಲು. ಮೀನು ಹಳತಾಗಿದ್ದರೆ ನಾನು ಕೇಳುವ ಮೊದಲೇ, "ಇವತ್ತು ಬೇಡ ಟೀಚರ್, ಮೊಟ್ಟೆ ಮಾಡಿ" ಎಂದುಬಿಡುತ್ತಿದ್ದರು. ಹೀಗೂ ಒಬ್ಬರು ವ್ಯಾಪಾರ ಮಾಡುವುದುಂಟಾ!

ಆಮೇಲೆ ಆ ದಾರಿಯಲ್ಲಿ ಪ್ರವಾಸಿಗಳಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ಕೊಡಲು ಶುರು ಮಾಡಿದರು. ಸದ್ದಿಲ್ಲದೆ ಬಂದು ಬೆನ್ನಿಗೇ ತಾಗುತ್ತಿದ್ದವು. ದೂರು ಹೋಯಿತು. ದಾರಿ ನೋಡಿಕೊಳ್ಳುವ ಸಮಿತಿಯವರು ಹಿಂದಿನಿಂದ ಬರುವವರು ಹಾರ್ನ್ ಮಾಡಬೇಕು ಎಂದು ಬೋರ್ಡು ಹಾಕಿದರು. ಬಾಡಿಗೆಯವರು ಕಟ್ಟಿದ ಹಾರ್ನ್ ಯಾವುದು? ಮೀನಿನವರದ್ದೇ, ಅದೇ ಪೋಂ ಪೋಂ! ಇವರ ಬುದ್ಧಿಗೆ ಎಂತ ಹೇಳುವುದು. ಬೇರೆ ಊರಿನಲ್ಲಿ ಹಾರ್ನ್ ಕೇಳಿದರೆ ಜನ ಬದಿಗೆ ಸರಿಯುತ್ತಾರೆ, ಈ ಹಾರ್ನಿಗೆ ನಮ್ಮವರು ದಾರಿಗೇ ಓಡಿ ಬರುತ್ತಾರೆ.

ಪಕ್ಕದ ಮನೆಯ ಪುಟ್ಟ ಹುಡುಗಿ ಹಾಗೆಯೇ ಪಾತ್ರೆ ಹಿಡಿದು ಓಡಿ ಬಂದಳು. ಬಂದದ್ದು ಕಾಕ ಅಲ್ಲ, ಬಾಡಿಗೆ ಸೈಕಲ್. ಮಗುವಿನ ಕೈ ಮುರಿಯಿತು. ಮರುದಿನವೇ ದಾರಿಯಲ್ಲಿ ಬ್ಯಾಟರಿ ಇರುವ ಯಾವುದೂ ಹೋಗಬಾರದೆಂದು ಆಯಿತು. ದಾರಿ ಶುರುವಾಗುವಲ್ಲಿ ಒಂದು ಗೇಟೂ ಅದಕ್ಕೊಬ್ಬ ಕಾವಲುಗಾರನೂ ಬಂದ.

"ನನ್ನದು ಸೈಕಲ್ಲೇ ಮಾರಾಯ್ರೇ," ಎಂದು ಕಾಕ ಅವನ ಮುಂದೆ ಕೈ ಮುಗಿದು ನಿಂತದ್ದನ್ನು ನಾನು ನೋಡಿದ್ದೇನೆ. "ಬ್ಯಾಟರಿ ನನ್ನ ಕಾಲಿಗೆ, ಸೈಕಲಿಗೆ ಅಲ್ಲ."

ನಾನು ಸಮಿತಿಗೆ ಹೋದೆ. ಪೆಡಲ್ ಇರುವ, ಇಷ್ಟು ನಿಧಾನ ಹೋಗುವ ಬ್ಯಾಟರಿ ಸೈಕಲಿಗೆ ಲೈಸೆನ್ಸೂ ಬೇಡ, ನಂಬರೂ ಬೇಡ, ಅದನ್ನು ಮೋಟಾರು ಗಾಡಿ ಎನ್ನುವುದು ಹೇಗೆ ಎಂದು ಕೇಳಿದೆ. ಆ ಕಾನೂನು ರಸ್ತೆಗೆ, ಇಲ್ಲಿ ನಮ್ಮ ಬೋರ್ಡು ಎಂದರು. ಮತ್ತೆ ಹೋದೆ. ಕಡೆಗೆ ಅವರೆದುರೇ ಅತ್ತುಬಿಟ್ಟೆ. ನೋಡುವ ಎಂದರು.

ಕಾಕ ಬ್ಯಾಟರಿ ಕಳಚಿಟ್ಟು ತುಳಿದುಕೊಂಡು ಬರಲು ನೋಡಿದರು. ನಮ್ಮ ಗೇಟಿನವರೆಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಮೊಣಕಾಲು ಮಡಚಲಿಕ್ಕೇ ಆಗುತ್ತಿರಲಿಲ್ಲ. ಬಿಸಿನೀರಿನ ಬಟ್ಟೆ ಕೊಟ್ಟೆ, ಕಾಲಿಗೆ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನಾಳೆಯಿಂದ ಬ್ಯಾಟರಿ ಹಾಕಿಕೊಂಡು ಹೆದ್ದಾರಿಯಲ್ಲೇ ಹೋಗ್ತೇನೆ ಟೀಚರ್," ಎಂದರು. "ಮನೆಯಲ್ಲಿ ಕೂತರೆ ತಿನ್ನುವುದು ಎಂತ?"

ಬೇಡ ಕಾಕ, ದಮ್ಮಯ್ಯ ಎಂದು ಬೇಡಿಕೊಂಡೆ. ನಡುವೆ ಡಿವೈಡರ್ ಇರುವ ಹೆದ್ದಾರಿಯಲ್ಲಿ ಸರಿಯಾದ ಬದಿಗೆ ಬರಬೇಕಾದರೆ ಎಲ್ಲೋ ದೂರ ಹೋಗಿ ತಿರುಗಿ ಬರಬೇಕು. ಅಷ್ಟಕ್ಕೆ ಆ ಹಳೆಯ ಬ್ಯಾಟರಿ ಸಾಲುತ್ತಿರಲಿಲ್ಲ. ಎಲ್ಲರ ಹಾಗೆ ಅವರೂ ಎದುರು ಬದಿಯಲ್ಲೇ ಬರತೊಡಗಿದರು. ಬಸ್ಸನ್ನು ಎಡಬದಿಯಿಂದ ಹಿಂದೆ ಹಾಕಲು ಬಂದ ಕಾರೊಂದು ಒಂದು ಬೆಳಿಗ್ಗೆ ಅವರನ್ನು ಅಡಿಗೆ ಹಾಕಿತು. ಆಸ್ಪತ್ರೆಗೆ ಮುಟ್ಟಲೇ ಇಲ್ಲ.

ರಾಂಗ್ ಸೈಡಿನಲ್ಲಿ ಬಂದರಂತೆ, ತಪ್ಪು ಅವರದ್ದೇ ಅಂತೆ ಎಂದು ಮಾತಾಡಿಕೊಂಡರು. ಹೌದು, ರಾಂಗ್ ಸೈಡಿನಲ್ಲೇ ಇದ್ದರು. ಆ ಕಾಲಿಗೆ ಸರಿಯಾದ ಸೈಡ್ ಅಂತ ಎಲ್ಲಿ ಉಳಿಸಿದ್ದಿರಿ?

ಮಣ್ಣು ಮಾಡಿ ಕೆಲವು ದಿನ ಕಳೆದಿತ್ತು. ಮಗಳ ಮನೆಗೆಂದು ಪರವೂರಿಗೆ ಹೋಗಿದ್ದ ಸಮಿತಿಯ ಹಿರಿಯ ಸದಸ್ಯರೊಬ್ಬರು ಬಸ್ಸಿಳಿದವರೇ ನಮ್ಮ ಮನೆಗೆ ಬಂದರು. ಮುಖದಲ್ಲಿ ನಗು.

"ನಿಮ್ಮ ಮಾತು ನಡೆಯಿತು ಟೀಚರ್," ಎಂದರು. "ಪೆಡಲ್ ಇರುವ ಬ್ಯಾಟರಿ ಸೈಕಲನ್ನು ಬಿಡುವುದಂತ ಫೋನಿನಲ್ಲೇ ಎಲ್ಲರನ್ನೂ ಒಪ್ಪಿಸಿದೆ. ನಾಳೆಯಿಂದಲೇ ಬರಲಿಕ್ಕೆ ಕಾಕನಿಗೆ ಹೇಳಿ."

ಫೋನಿನಲ್ಲಿ ಒಪ್ಪಿದವರು ಯಾರೂ ಅವರಿಗೆ ಸುದ್ದಿ ಮುಟ್ಟಿಸಿರಲಿಲ್ಲ. ನಾನೇ ಹೇಳಬೇಕಾಯಿತು.