ಅಪ್ಪ ಗುಂಡು ಆರಿಸಿದ ಶುಕ್ರವಾರ

ನಾನು ಚಿಕ್ಕವಳಿದ್ದಾಗ ನಾವು ಕತಾರಿನಲ್ಲಿದ್ದೆವು, ಮಕ್ಕಳೇ. ಆ ವರ್ಷ ಅಲ್ಲಿ ವಿಶ್ವಕಪ್ ಫುಟ್‌ಬಾಲ್. ದೋಹಾ ನಗರದ ಅಲ್ ಮನ್ಸೂರಾ ಬಡಾವಣೆಯ ನಮ್ಮ ಕಟ್ಟಡದ ಬಾಲ್ಕನಿಗಳಲ್ಲೆಲ್ಲ ಯಾವ್ಯಾವುದೋ ದೇಶದ ಬಾವುಟಗಳು ನೇತಾಡುತ್ತಿದ್ದವು. ಊರೆಲ್ಲ ಸಂಭ್ರಮದಲ್ಲಿದ್ದಾಗ ನಮ್ಮ ಅಪ್ಪ ಮಾತ್ರ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಅಪ್ಪ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ದೋಹಾದ ಆಚೆ, ಮರುಭೂಮಿಯಲ್ಲಿ, ಒಬ್ಬರು ಶ್ರೀಮಂತರು ಬೇಲಿ ಹಾಕಿ ಸಾಕಿದ್ದ ಜಿಂಕೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಮರಳಿನದೇ ಬಣ್ಣದ ಜಿಂಕೆಗಳು. ಅಲುಗಾಡದೆ ನಿಂತರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಚಳಿಗಾಲ ಅವುಗಳಿಗೆ ವಾಸಿಯಾಗದ ಕಾಯಿಲೆ ಅಂಟಿತು. ಬಾಯೆಲ್ಲ ಹುಣ್ಣಾಗಿ, ಮೂಗು ಸುರಿದು, ನೀರನ್ನೂ ನುಂಗಲಾಗದೆ ನಿಂತಲ್ಲೇ ಕುಸಿಯುತ್ತಿದ್ದವು. ಮಿಕ್ಕವು ಉಳಿಯಬೇಕಾದರೆ ಕಾಯಿಲೆಯವನ್ನು ಕೊಲ್ಲಲೇಬೇಕು ಎಂದರು ಡಾಕ್ಟರು. ಅವರು ಉಡುಪಿ ಕಡೆಯ ಪಶುವೈದ್ಯರು. ಇಂಜೆಕ್ಷನ್ ಕೊಡಲು ಹತ್ತಿರ ಹೋದರೆ ಜಿಂಕೆಗಳು ಬೆದರಿ ಬೇಲಿಗೆ ನುಗ್ಗಿ ಕಾಲು ಮುರಿದುಕೊಳ್ಳುತ್ತಿದ್ದವು. ದೂರದಿಂದ ಗುಂಡು ಹೊಡೆಯುವುದೊಂದೇ ದಾರಿ ಉಳಿಯಿತು. ಮಾಲೀಕರು ತಮ್ಮ ಬೇಟೆಯ ರೈಫಲ್ ಕೊಟ್ಟರು.

ಮೊದಲ ದಿನ ಅಪ್ಪ ಕೈಗೆ ಸಿಕ್ಕ ಪೆಟ್ಟಿಗೆಯ ಗುಂಡನ್ನೇ ಹಾಕಿದರು. ಅದು ಗುರಿಯಿಂದ ಸರಿದು ಒಂದು ಹೆಣ್ಣು ಜಿಂಕೆಯ ದವಡೆ ಒಡೆಯಿತು. ಕತ್ತಲಾಗುವವರೆಗೂ ಆ ಜಿಂಕೆ ಮತ್ತೆ ಗುರಿಗೆ ಸಿಗದೆ ಬೇಲಿಯುದ್ದಕ್ಕೂ ಓಡುತ್ತಲೇ ಇತ್ತಂತೆ. ಮರುದಿನ ಬೆಳಿಗ್ಗೆ ಅಪ್ಪನಿಗೆ ಅದರ ಹೆಣ ಸಿಕ್ಕಿತು.

ಆ ವಾರದ ಶುಕ್ರವಾರ ನಮಗೆ ಶಾಲೆಗೆ ರಜೆ, ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಪ್ಪ ನನ್ನನ್ನೂ ಅಕ್ಕನನ್ನೂ ಜೊತೆಗೇ ಕರೆದುಕೊಂಡು ಹೋದರು. ಬೇಲಿಯಿಂದ ಬಹಳ ದೂರದಲ್ಲಿ, ಮರಳಿನ ದಿಬ್ಬಕ್ಕೆ ಹಲಗೆ ಒರಗಿಸಿ ಗುರಿಯ ಕಾಗದ ಅಂಟಿಸಿದರು. ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ರೈಫಲ್ ಊರಿದರು. ಪಕ್ಕದಲ್ಲಿ ಮೂರು ಪೆಟ್ಟಿಗೆ ಗುಂಡುಗಳು. ಗುಂಡಿನ ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಪೆಟ್ಟಿಗೆಯಲ್ಲಿದ್ದವು ನೂರೈವತ್ತು ಗ್ರೇನಿನವು, ಇನ್ನೊಂದರಲ್ಲಿ ನೂರ ಅರವತ್ತೈದು, ಮತ್ತೊಂದರಲ್ಲಿ ನೂರ ಎಂಬತ್ತು.

"ಭಾರದ್ದೇ ಒಳ್ಳೇದಲ್ವಾ ಅಪ್ಪ?" ಎಂದಳು ಅಕ್ಕ.

"ಹಂಗೇನಿಲ್ಲ ಮಗಳೇ. ಒಂದೊಂದು ಬಂದೂಕಿಗೆ ಒಂದೊಂದು ತೂಕ ಒಗ್ಗುತ್ತೆ. ಇದಕ್ಕೆ ಯಾವುದು ಅಂತ ಹೊಡೆದೇ ನೋಡ್ಬೇಕು. ಅವತ್ತೇ ನೋಡ್ಬೇಕಿತ್ತು ನಾನು."

ಅಪ್ಪ ಉಸಿರು ಹಿಡಿದು ಹೊಡೆಯುವರು. ಕಿವಿ ಮುಚ್ಚಿಕೊಂಡಿದ್ದರೂ ಸದ್ದು ನನ್ನ ಎದೆಗೆ ಬಡಿಯುತ್ತಿತ್ತು. ಸುಟ್ಟ ಮದ್ದಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ನಳಿಗೆ ತಣ್ಣಗಾಗುವವರೆಗೆ ಕಾದು ಮತ್ತೆ ಹೊಡೆಯುವರು. ಹಗುರ ಗುಂಡಿನ ತೂತುಗಳು ಅಪ್ಪನ ಅಂಗೈಗಿಂತ ಅಗಲಕ್ಕೆ ಚೆದುರಿದ್ದವು. ಮೊದಲ ದಿನ ಹಾಕಿದ್ದೂ ಅದನ್ನೇ. ಅಪ್ಪ ಆ ಕಾಗದವನ್ನು ತುಂಬ ಹೊತ್ತು ನೋಡಿದರು. ಭಾರದ ಗುಂಡುಗಳಲ್ಲಿ ಎರಡು ಹತ್ತಿರ ಬಿದ್ದವು, ಮೂರನೆಯದು ದೂರ ಹೋಯಿತು. ಮತ್ತೊಮ್ಮೆ ಹೊಡೆದಾಗಲೂ ಹಾಗೇ. ನೂರ ಅರವತ್ತೈದರವು ಮಾತ್ರ ಒಂದಕ್ಕೊಂದು ತಾಗಿಕೊಂಡೇ ಬಿದ್ದವು. ಅಕ್ಕನ ಹೆಬ್ಬೆರಳು ಮೂರನ್ನೂ ಮುಚ್ಚಿತು. ಇನ್ನೊಂದು ಸಲ ಹೊಡೆದು ಖಾತ್ರಿ ಮಾಡಿಕೊಂಡು, ಗುಂಡು ಗುರಿಯ ನಡುವೆಯೇ ಬೀಳುವಂತೆ ಅಪ್ಪ ರೈಫಲಿನ ಮೇಲಿದ್ದ ದುರ್ಬೀನಿನ ತಿರುಪು ತಿರುಗಿಸಿದರು. ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

"ಇನ್ನು ತಡ ಮಾಡುವುದು ಬೇಡ ಮಾರಾಯ್ರೇ. ಅವು ನರಳುವುದನ್ನು ನೋಡ್ಲಿಕ್ಕೆ ಆಗುವುದಿಲ್ಲ," ಎಂದರು ಬೇಲಿಯ ಕಡೆಯಿಂದ ಬಂದ ಡಾಕ್ಟರು.

ಅಕ್ಕ ಅಪ್ಪನ ತೋಳು ಹಿಡಿದಳು. "ಬೇರೆ ಯಾರಾದ್ರೂ ಹೊಡೀಲಿ ಅಪ್ಪ. ಮಾಲೀಕರ ಮ್ಯಾನೇಜರ್ ಇನ್ನೊಬ್ರನ್ನ ಕಳಿಸ್ತೀನಿ ಅಂದಿದ್ರಲ್ಲ."

"ಅವರಿಗೆ ಈ ರೈಫಲ್ ಗೊತ್ತಿಲ್ಲ. ಮತ್ತೆ ಮೊನ್ನೆ ಥರ ಆದ್ರೆ? ನೀವಿಬ್ರೂ ಕಾರಲ್ಲಿ ಕೂತ್ಕೊಳ್ಳಿ. ಗಾಜು ಇಳಿಸ್ಬೇಡಿ."

ಗಾಜು ಏರಿಸಿದ್ದರೂ ಸದ್ದು ಕೇಳುತ್ತಿತ್ತು. ಒಂದು ಸದ್ದು, ಆಮೇಲೆ ಮೌನ. ಬೆನ್ನಿಗೇ ಇನ್ನೊಂದು ಸದ್ದು ಬಂದರೆ ಮೊದಲಿನದು ತಪ್ಪಿತು ಎಂದರ್ಥ. ಅದೊಂದು ಬಾರದಿರಲಿ ಎಂದು ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಬರಲಿಲ್ಲ. ಕೊನೆಯದಕ್ಕೆ ಮೊದಲು ಮಾತ್ರ ಎಷ್ಟೋ ಹೊತ್ತು ಸದ್ದೇ ಇರಲಿಲ್ಲ. ಅದು ಸತ್ತ ತಾಯಿಯ ಪಕ್ಕದಿಂದ ಏಳದೆ ಮಲಗಿದ್ದ ಮರಿ ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ಅಕ್ಕ ಹೇಳಿದಳು.

"ಒಂದೂ ಒದ್ದಾಡಲಿಲ್ಲ," ಎಂದು ಡಾಕ್ಟರು ಅಪ್ಪನ ಬೆನ್ನ ಮೇಲೆ ಕೈಯಿಟ್ಟರು. ಅಪ್ಪ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ಇದ್ದರು. ಸಂಜೆ ನಮ್ಮ ಬೀದಿಗೆ ಕಾರು ತಿರುಗಿದಾಗ ಯಾರೋ ಗೋಲು ಹೊಡೆದರೆಂದು ಹೋಟೆಲುಗಳ ಮುಂದೆ ಜನ ಒಟ್ಟಿಗೇ ಕೂಗಿದರು. ಅಪ್ಪ ಬೆಚ್ಚಿಬಿದ್ದು ಕಾರು ನಿಲ್ಲಿಸಿ, ಸ್ಟೀರಿಂಗಿಗೆ ತಲೆಯಿಟ್ಟು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಿಕ್ಕ ಜಿಂಕೆಗಳು ಉಳಿದುಕೊಂಡವು. ಅಪ್ಪ ಆ ಕೆಲಸ ಬಿಟ್ಟು ಮೆಸಯೀದ್‌ನಲ್ಲಿ ಒಂದು ಕಾರ್ಖಾನೆಯ ವರ್ಕ್‌ಶಾಪಿಗೆ ಸೇರಿದರು. ಮತ್ತೆ ಬಂದೂಕು ಮುಟ್ಟಲಿಲ್ಲ.

ನಿಮ್ಮ ಕಾಲದಲ್ಲಿ ಇಂಥವೆಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ ಸದ್ದಿಲ್ಲದೆ ಆಗುತ್ತವೆ. ಹೋದ ವರ್ಷ ನಮ್ಮ ಮುದಿ ನಾಯಿಗೆ ಕೊನೆಯ ಇಂಜೆಕ್ಷನ್ ಕೊಟ್ಟಾಗ ನಿಮ್ಮ ಅಪ್ಪ ಅಮ್ಮ ನಿಮ್ಮನ್ನು ಹೊರಗೆ ಕೂರಿಸಿ ಐಸ್‌ಕ್ರೀಮ್ ಕೊಡಿಸಿದರು. ಅಜ್ಜಿ, ನೀನು ಆಗ ಎಲ್ಲಿ ಹೋಗಿದ್ದೆ ಎಂದು ನೀವು ಆಮೇಲೆ ಕೇಳಿದಿರಿ. ನಾನು ಒಳಗಿದ್ದೆ ಮಕ್ಕಳೇ. ಅದರ ತಲೆ ನನ್ನ ತೊಡೆಯ ಮೇಲಿತ್ತು.