ಹಾಜರಿ ಪುಸ್ತಕದ ಹಳ್ಳಿ ಹುಡುಗ

ಸ್ನೇಹಿತರೇ, ಇವತ್ತು ಮಧುಗಿರಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ವಸತಿ ಶಾಲೆಯ ಆಯ್ಕೆ ಪಟ್ಟಿಯ ಪ್ರಿಂಟ್ ತೆಗೆದೆ. ಹಳ್ಳಿ ಶಾಲೆಯಲ್ಲಿ ಓದಿದ ಮಕ್ಕಳಿಗೆಂದೇ ಇಟ್ಟ ಸೀಟುಗಳಲ್ಲಿ ಕೊನೆಯದು ಪೇಟೆಯ ಹಾರ್ಡ್‌ವೇರ್ ಅಂಗಡಿಯವರ ಮಗನ ಪಾಲಾಗಿದೆ. ಹುಡುಗ ಓದಿದ್ದು ಇಲ್ಲೇ, ಇಂಗ್ಲಿಷ್ ಮೀಡಿಯಂನಲ್ಲಿ. ಹೆಸರು ಮಾತ್ರ ಮೂರು ವರ್ಷದಿಂದ ಹಳ್ಳಿ ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ಮಕ್ಕಳ ಸಂಖ್ಯೆ ಇಳಿದರೆ ಶಾಲೆ ಮುಚ್ಚುತ್ತಾರೆಂಬ ಭಯಕ್ಕೆ ಮೇಷ್ಟ್ರೂ ಬೇಡವೆನ್ನಲಿಲ್ಲ.

ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಅದೇ ಶಾಲೆಯ ರತ್ನಳದು. ಅವಳೂ ಅವಳಮ್ಮನೂ ನನ್ನ ಎದುರಿಗೇ ನಿಂತಿದ್ದರು.

ಅಷ್ಟರಲ್ಲಿ ಅಂಗಡಿಗೆ ಬಂದ ಹಾರ್ಡ್‌ವೇರ್ ಯಜಮಾನರು ಪೇಡೆ ಹಂಚುತ್ತಾ, "ಈ ಕೋಟಾ ಗೀಟಾ ಎಲ್ಲಾ ತೆಗೀಬೇಕು ಕಣಮ್ಮ, ಆಗ್ಲೇ ದೇಶ ಉದ್ಧಾರ ಆಗೋದು. ನಿನ್ ಮಗೀನ ಇನ್ನೊಸಿ ಓದ್ಸು" ಎಂದರು.

ರತ್ನ ಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು. "ಅಮ್ಮಾ, ಇವ್ನು ನಮ್ ಕ್ಲಾಸೇ! ಹಾಜ್ರಿ ನೋಡಾಕೆ ಸಾಹೇಬ್ರು ಬಂದಾಗೆಲ್ಲಾ 'ಒಂದಕ್ಕೆ ಹೋಗವ್ನೆ ಸಾ' ಅಂತ ನಾನೇ ಹೇಳ್ತಿದ್ದೆ. ಮೇಷ್ಟ್ರು ಅಂಗೇ ಹೇಳ್ಕೊಟ್ಟಿದ್ರು."

ಯಜಮಾನರು ಪೇಡೆ ಡಬ್ಬಿಯೊಳಗೆ ಏನೋ ಹುಡುಕತೊಡಗಿದರು. ತಾಯಿ ನನ್ನತ್ತ ತಿರುಗಿ, "ಅಣ್ಣಾ, ಅವ್ನು ಈ ಸ್ಕೂಲ್ಗಾದ್ರೂ ಬತ್ತಾನಾ? ಬರ್ದಿದ್ರೆ ನಮ್ ಮಗೀಗೆ ಸಿಗ್ತದಲ್ವಾ?" ಎಂದು ಕೇಳಿದರು.

"ಈ ಸಲ ಬತ್ತಾನೆ ಕಣಮ್ಮ, ಇದು ಒಳ್ಳೇ ಸ್ಕೂಲು" ಎಂದೆ. ಅವನ ಅರ್ಜಿಯಲ್ಲಿ 'ಗ್ರಾಮೀಣ' ಎಂದು ತುಂಬಿದ್ದು ಇದೇ ಕಂಪ್ಯೂಟರಿನಲ್ಲಿ, ಇದೇ ಕೈ. ಪೇಡೆ ನನಗೂ ಒಂದು ಬಂತು. ತಿಂದೆ. ತುಪ್ಪ ಮಾತ್ರ ಅಸಲಿಯೇ.